ಅಲೆಕ್ಸಿಸ್ ಕ್ಯಾರೆಲ್

ಅಲೆಕ್ಸಿಸ್ ಕ್ಯಾರೆಲ್ (ಜೂನ್ ೨೮, ೧೮೭೩ – ನವೆಂಬರ್ ೫, ೧೯೪೪) ಫ್ರಾನ್ಸ್ ದೇಶದ ಶಸ್ತ್ರವೈದ್ಯರು ಹಾಗೂ ಜೀವವಿಜ್ಞಾನಿ. ತುಂಡಾದ ರಕ್ತನಾಳಗಳನ್ನು ರಕ್ತ ಸೋರದಂತೆ, ಹೆಪ್ಪುಗಟ್ಟದಂತೆ ಮತ್ತೆ ಜೋಡಿಸುವ ಹೊಲಿಗೆಯ ವಿಧಾನವನ್ನು ರೂಪಿಸಿದವರೆಂದು ಇವರು ಪ್ರಸಿದ್ಧರು. ರಕ್ತನಾಳಗಳ ಹೊಲಿಗೆ ಮತ್ತು ರಕ್ತನಾಳ ಹಾಗೂ ಅಂಗಗಳ ಕಸಿಯ ಕುರಿತ ಕಾರ್ಯಕ್ಕಾಗಿ ೧೯೧೨ರಲ್ಲಿ ಇವರಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಅಂಗಾಂಶ ಕೃಷಿ, ಯುದ್ಧಗಾಯಗಳ ಚಿಕಿತ್ಸೆ, ದೇಹದಿಂದ ಬೇರ್ಪಡಿಸಿದ ಅಂಗವನ್ನು ಜೀವಂತವಾಗಿ ಉಳಿಸುವ ಪಂಪು ಇವು ಇವರ ಇತರ ಕಾರ್ಯಕ್ಷೇತ್ರಗಳು. ಇಂದು ನಡೆಯುವ ಮೂತ್ರಪಿಂಡ, ಯಕೃತ್ತು ಹಾಗೂ ಹೃದಯದ ಕಸಿಗಳಿಗೆ ಇವರ ಹೊಲಿಗೆಯೇ ಬುನಾದಿ. ಆದರೆ ಸುಪ್ರಜನನ ಶಾಸ್ತ್ರದ ಪರವಾಗಿ ಇವರು ಬರೆದ ಬರಹಗಳು ಮತ್ತು ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಶಿ ಸರ್ಕಾರದೊಡನೆ ಇಟ್ಟುಕೊಂಡ ಸಂಬಂಧ ಇವರ ಹೆಸರಿಗೆ ಅಳಿಸಲಾಗದ ಕಳಂಕವನ್ನು ತಂದವು.

ಜನನ ಮತ್ತು ವಿದ್ಯಾಭ್ಯಾಸ

ಕ್ಯಾರೆಲ್ ಅವರು ಫ್ರಾನ್ಸಿನ ಲಿಯೋನ್ ನಗರದ ಸಮೀಪದ ಸೇಂಟ್ ಫ್ವಾ ಎಂಬಲ್ಲಿ ಜನಿಸಿದರು. ತಂದೆ ಬಟ್ಟೆಯ ವ್ಯಾಪಾರಿ. ಲಿಯೋನ್ ಆ ಕಾಲದಲ್ಲಿ ರೇಷ್ಮೆ ನೇಯ್ಗೆಗೂ ಕಸೂತಿಗೂ ಹೆಸರಾದ ನಗರವಾಗಿತ್ತು. ಬಾಲಕನು ಇನ್ನೂ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ಆ ಬಳಿಕ ತಂದೆಯ ಹೆಸರಾದ ಅಲೆಕ್ಸಿಸ್ ಎಂಬುದೇ ಮಗನಿಗೂ ರೂಢಿಯಾಯಿತು. ಶ್ರದ್ಧಾವಂತ ಕ್ಯಾಥೊಲಿಕ್ ಕುಟುಂಬದ ತಾಯಿಯ ಆಶ್ರಯದಲ್ಲಿ ಬೆಳೆದ ಅವರು ಜೆಸ್ಯೂಟ್ ಪಾದ್ರಿಗಳ ಶಾಲೆಯಲ್ಲಿ ಓದಿದರು. ೧೮೮೯ರಲ್ಲಿ ಸಾಹಿತ್ಯದ, ಮರುವರ್ಷ ವಿಜ್ಞಾನದ ಪದವಿಗಳನ್ನು ಪಡೆದು ಲಿಯೋನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಿಕ್ಷಣಕ್ಕೆ ಸೇರಿದರು. ನಡುವೆ ಒಂದು ವರ್ಷ ಸೈನ್ಯದ ಪರ್ವತದಳದಲ್ಲಿ ವೈದ್ಯರಾಗಿ ಸೇವೆ ಸಲ್ಲಿಸಿದರು. ೧೯೦೦ರಲ್ಲಿ ವೈದ್ಯಶಾಸ್ತ್ರದ ಡಾಕ್ಟರೇಟ್ ಪದವಿ ಅವರಿಗೆ ದೊರೆಯಿತು.

ಅಧ್ಯಕ್ಷರ ಹತ್ಯೆ ಮತ್ತು ಒಂದು ಪ್ರಶ್ನೆ

೧೮೯೪ರ ಜೂನ್ ೨೪ರಂದು ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಅವರು ಲಿಯೋನ್ ನಗರಕ್ಕೆ ಭೇಟಿ ನೀಡಿದ್ದಾಗ ಇಟಲಿಯ ಅರಾಜಕತಾವಾದಿಯೊಬ್ಬನು ಅವರನ್ನು ಚೂರಿಯಿಂದ ಇರಿದನು. ಯಕೃತ್ತಿಗೆ ರಕ್ತವನ್ನು ಒಯ್ಯುವ ದೊಡ್ಡ ಅಭಿಧಮನಿಯು ಕತ್ತರಿಸಿ ಹೋಗಿತ್ತು. ನಗರದ ಹೆಸರಾಂತ ಶಸ್ತ್ರವೈದ್ಯರು ಸುತ್ತ ನೆರೆದಿದ್ದರೂ ರಕ್ತಸ್ರಾವವನ್ನು ತಡೆಯುವುದು ಅವರಿಂದ ಸಾಧ್ಯವಾಗಲಿಲ್ಲ. ಅಧ್ಯಕ್ಷರು ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿನಲ್ಲಿ ಅಸುನೀಗಿದರು.

ಆ ಕಾಲದ ಶಸ್ತ್ರವೈದ್ಯರ ಮಟ್ಟಿಗೆ ಇದು ಅನಿವಾರ್ಯವಾದ ಸಾವು. ದೊಡ್ಡ ರಕ್ತನಾಳವೊಂದು ತುಂಡಾದರೆ ಅದನ್ನು ದಾರದಿಂದ ಕಟ್ಟಿ ಮುಚ್ಚಬಹುದಾಗಿತ್ತೇ ಹೊರತು ಮತ್ತೆ ಜೋಡಿಸಲು ಬರುತ್ತಿರಲಿಲ್ಲ. ಕಟ್ಟಿ ಮುಚ್ಚಿದರೆ ಆ ನಾಳವನ್ನು ನಂಬಿದ ಅಂಗವು ರಕ್ತವಿಲ್ಲದೆ ಸಾಯುತ್ತಿತ್ತು. ಕಾಲಿನ ಮುಖ್ಯ ಅಪಧಮನಿಗೆ ಪೆಟ್ಟು ಬಿದ್ದರೆ ಹಲವು ಬಾರಿ ಕಾಲನ್ನೇ ಕತ್ತರಿಸಬೇಕಾಗುತ್ತಿತ್ತು. ವೈದ್ಯವಿದ್ಯಾರ್ಥಿಯಾಗಿದ್ದ ಇಪ್ಪತ್ತು ವರ್ಷದ ಕ್ಯಾರೆಲ್ ಮಾತ್ರ ಈ ಸಾವನ್ನು ಅನಿವಾರ್ಯವೆಂದು ಒಪ್ಪಲಿಲ್ಲ. ಚರ್ಮವನ್ನು, ಕರುಳನ್ನು ಹೊಲಿಯಬಹುದಾದರೆ ರಕ್ತನಾಳವನ್ನು ಏಕೆ ಹೊಲಿಯಬಾರದು ಎಂಬುದೇ ಅವರ ಮುಂದಿನ ಸಂಶೋಧನೆಗೆ ಮೂಲವಾದ ಪ್ರಶ್ನೆ.

ಕಸೂತಿಯಿಂದ ಕಲಿತ ಹೊಲಿಗೆ

ರಕ್ತನಾಳದ ಹೊಲಿಗೆಯಲ್ಲಿ ಮೂರು ತೊಡಕುಗಳಿದ್ದವು. ಮೊದಲನೆಯದಾಗಿ, ನಾಳದ ಒಳಪದರವು ಅತ್ಯಂತ ನಾಜೂಕಾದುದು. ಅದಕ್ಕೆ ಗಾಯವಾದರೆ, ಇಲ್ಲವೆ ದಾರವು ಒಳಗೆ ಚಾಚಿಕೊಂಡರೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಎರಡನೆಯದಾಗಿ, ನಾಳವು ದುಂಡಗಿರುವುದರಿಂದ ಹೊಲಿಯುವಾಗ ಎದುರುಬದಿಯ ಗೋಡೆಗೂ ಸೂಜಿ ಚುಚ್ಚಿಕೊಳ್ಳುವ ಅಪಾಯವಿದೆ. ಮೂರನೆಯದಾಗಿ, ಹೊಲಿಗೆಯನ್ನು ಬಿಗಿದಾಗ ನಾಳವು ಕಿರಿದಾಗಿ ರಕ್ತದ ಹರಿವಿಗೆ ತಡೆಯಾಗುತ್ತದೆ. ಲಿಯೋನಿನ ಮಾತ್ಯೂ ಜಬುಲೆ, ಶಿಕಾಗೋದ ಜಾನ್ ಮರ್ಫಿ ಮುಂತಾದವರು ಇದಕ್ಕೆ ಮೊದಲೇ ಈ ದಿಕ್ಕಿನಲ್ಲಿ ಪ್ರಯತ್ನಿಸಿದ್ದರು. ಆದರೆ ಸಣ್ಣ ನಾಳಗಳಲ್ಲಿಯೂ ನಂಬಬಹುದಾದ ವಿಧಾನವೊಂದು ಇನ್ನೂ ಸಿದ್ಧವಾಗಿರಲಿಲ್ಲ.

ಕ್ಯಾರೆಲ್ ಅವರು ಉತ್ತರವನ್ನು ಹುಡುಕಿ ಹೋದದ್ದು ಕಸೂತಿಯ ಕೆಲಸದವರ ಬಳಿಗೆ. ಲಿಯೋನಿನ ಪ್ರಸಿದ್ಧ ಕಸೂತಿಗಾರ್ತಿ ಶ್ರೀಮತಿ ಲೆರೂಡಿಯೆ ಅವರಿಂದ ಅತಿ ಸಣ್ಣ ಸೂಜಿ ಹಾಗೂ ನವಿರಾದ ರೇಷ್ಮೆದಾರದಿಂದ ಹೊಲಿಯುವ ಕೌಶಲವನ್ನು ಕಲಿತರು. ಸೂಜಿ ಮತ್ತು ದಾರಗಳಿಗೆ ವ್ಯಾಸಲೀನ್ ಸವರಿದುದರಿಂದ ಅವು ನಾಳದ ಗೋಡೆಯಲ್ಲಿ ನುಣ್ಣಗೆ ಜಾರಿ, ಚುಚ್ಚಿದ ರಂಧ್ರದಲ್ಲಿ ರಕ್ತ ಹೆಪ್ಪುಗಟ್ಟುವುದು ಕಡಿಮೆಯಾಯಿತು.

ದುಂಡಗಿನ ನಾಳದ ಸಮಸ್ಯೆಗೆ ಅವರು ಕಂಡುಕೊಂಡ ಪರಿಹಾರವು ಸರಳವಾದುದು. ತುಂಡಾದ ಎರಡು ತುದಿಗಳನ್ನು ಎದುರುಬದುರು ಹಿಡಿದು, ಅವುಗಳ ಅಂಚಿನಲ್ಲಿ ಸಮಾನ ಅಂತರದ ಮೂರು ಕಡೆ ಆಧಾರದ ಹೊಲಿಗೆಗಳನ್ನು ಹಾಕಬೇಕು. ಈ ಮೂರು ದಾರಗಳನ್ನು ಹೊರಕ್ಕೆ ಎಳೆದು ಹಿಡಿದಾಗ ದುಂಡಗಿನ ಬಾಯಿ ತ್ರಿಕೋನವಾಗುತ್ತದೆ, ಅಂಚುಗಳು ನೇರವಾದ ಗೆರೆಗಳಾಗುತ್ತವೆ. ನೇರವಾದ ಅಂಚನ್ನು ಬಟ್ಟೆಯ ಅಂಚಿನಂತೆ ಸಣ್ಣ ಸಣ್ಣ ಹೊಲಿಗೆಗಳಿಂದ ಸುಲಭವಾಗಿ ಜೋಡಿಸಬಹುದು. ಎದುರಿನ ಗೋಡೆಯು ದೂರ ಸರಿದಿರುವುದರಿಂದ ಸೂಜಿ ಅದಕ್ಕೆ ತಾಗುವುದಿಲ್ಲ. ಎಳೆತದಲ್ಲಿಯೇ ಹೊಲಿಯುವುದರಿಂದ ನಾಳ ಕಿರಿದಾಗುವುದೂ ಇಲ್ಲ. ಈ ವಿಧಾನವನ್ನು ಅವರು ೧೯೦೨ರಲ್ಲಿ ಲಿಯೋನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ಲೇಖನದಲ್ಲಿ ಅಂಗಗಳ ಕಸಿಯ ಸಾಧ್ಯತೆಯನ್ನೂ ಚರ್ಚಿಸಿದ್ದರು. ರಕ್ತನಾಳಗಳನ್ನು ಜೋಡಿಸಲು ಬಂದರೆ ಅಂಗವನ್ನೇ ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸಬಹುದೆಂಬುದು ಅವರಿಗೆ ಆಗಲೇ ಸ್ಪಷ್ಟವಾಗಿತ್ತು.

ಲಿಯೋನ್ ತೊರೆದದ್ದು

೧೯೦೨ರಲ್ಲಿಯೇ ಕ್ಯಾರೆಲ್ ಅವರು ರೋಗಿಗಳ ತಂಡವೊಂದರ ವೈದ್ಯರಾಗಿ ಲೂರ್ಡ್ ಯಾತ್ರಾಸ್ಥಳಕ್ಕೆ ಹೋದರು. ಕ್ಷಯದಿಂದ ಹೊಟ್ಟೆಯುಬ್ಬಿ ಸಾಯುವ ಸ್ಥಿತಿಯಲ್ಲಿದ್ದಾಳೆಂದು ತಾವೇ ತಿಳಿದಿದ್ದ ಯುವತಿಯೊಬ್ಬಳು ಅಲ್ಲಿ ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಂಡುದನ್ನು ಅವರು ಕಂಡರು. ಅದನ್ನು ಪವಾಡವೆಂದು ಘೋಷಿಸಲು ಅವರು ಸಿದ್ಧರಿರಲಿಲ್ಲ, ಕಂಡುದನ್ನು ಅಲ್ಲಗಳೆಯಲೂ ಸಿದ್ಧರಿರಲಿಲ್ಲ. ಈ ನಿಲುವು ಇಬ್ಬರಿಗೂ ಹಿಡಿಸಲಿಲ್ಲ. ಧಾರ್ಮಿಕರು ಅವರನ್ನು ಸಂಶಯಗ್ರಸ್ತರೆಂದರು, ವೈದ್ಯವರ್ಗದವರು ಮೂಢನಂಬಿಕೆಯವರೆಂದರು. ಚರ್ಚಿನ ವಿರುದ್ಧ ಭಾವನೆ ಪ್ರಬಲವಾಗಿದ್ದ ಆ ದಿನಗಳಲ್ಲಿ ಲಿಯೋನಿನಲ್ಲಿ ಅವರ ಭವಿಷ್ಯವು ಮಸುಕಾಯಿತು. ಆಸ್ಪತ್ರೆಯ ಶಸ್ತ್ರವೈದ್ಯರ ಹುದ್ದೆಯೂ ಕೈಗೂಡಲಿಲ್ಲ. ಲೂರ್ಡ್ ಪ್ರಯಾಣದ ಕುರಿತು ಅವರು ಬರೆದ ವೃತ್ತಾಂತವು ಅವರ ಮರಣಾನಂತರ ೧೯೪೯ರಲ್ಲಿ ಪ್ರಕಟವಾಯಿತು.

ಅಮೆರಿಕದಲ್ಲಿ ಸಂಶೋಧನೆ

೧೯೦೪ರಲ್ಲಿ ಕ್ಯಾರೆಲ್ ಅವರು ಕೆನಡಾದ ಮಾಂಟ್ರಿಯಲ್‌ಗೆ ತೆರಳಿ, ಅಲ್ಲಿಂದ ಅದೇ ವರ್ಷ ಶಿಕಾಗೋ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಶರೀರಕ್ರಿಯಾ ವಿಜ್ಞಾನಿ ಚಾರ್ಲ್ಸ್ ಗತ್ರಿ ಅವರೊಡನೆ ನಾಯಿಗಳ ಮೇಲೆ ಸರಣಿ ಪ್ರಯೋಗಗಳನ್ನು ನಡೆಸಿದರು. ಮೂತ್ರಪಿಂಡ, ಥೈರಾಯಿಡ್ ಗ್ರಂಥಿ, ಹೃದಯಗಳನ್ನು ಸ್ಥಳಾಂತರಿಸುವ ಪ್ರಯತ್ನಗಳು ಇವುಗಳಲ್ಲಿ ಸೇರಿದ್ದವು. ಹೃದಯವನ್ನು ನಾಯಿಯ ಕುತ್ತಿಗೆಯ ರಕ್ತನಾಳಗಳಿಗೆ ಜೋಡಿಸಿದಾಗ ಅದು ಸ್ವಲ್ಪ ಕಾಲ ಮಿಡಿಯಿತು. ಅಂಗದ ಸಣ್ಣ ಅಪಧಮನಿಯನ್ನು ನೇರವಾಗಿ ಹೊಲಿಯುವ ಬದಲು, ಅದು ಹೊರಡುವ ದೊಡ್ಡ ನಾಳದ ಗೋಡೆಯ ಚೂರೊಂದನ್ನು ಅದರೊಂದಿಗೇ ಕತ್ತರಿಸಿ ತೆಗೆದು ತೇಪೆಯಂತೆ ಹೊಲಿಯುವ ಉಪಾಯವೂ ಈ ಅವಧಿಯದೇ. ಕ್ಯಾರೆಲ್ ತೇಪೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಕಸಿ ಶಸ್ತ್ರಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ನೊಬೆಲ್ ಪ್ರಶಸ್ತಿಯು ಕ್ಯಾರೆಲ್ ಒಬ್ಬರಿಗೇ ಸಂದಾಗ ಗತ್ರಿ ಅವರ ಪಾಲನ್ನು ಮರೆಯಲಾಯಿತೆಂಬ ಆಕ್ಷೇಪವು ಕೇಳಿಬಂದಿತು.

೧೯೦೬ರಲ್ಲಿ ಅವರು ನ್ಯೂಯಾರ್ಕಿನ ರಾಕ್‌ಫೆಲರ್ ವೈದ್ಯಕೀಯ ಸಂಶೋಧನ ಸಂಸ್ಥೆಗೆ ಸೇರಿದರು. ಮುಂದಿನ ಮೂವತ್ತಮೂರು ವರ್ಷಗಳ ಕಾಲ ಅದೇ ಅವರ ಕಾರ್ಯಕ್ಷೇತ್ರ. ಬೆಳಕಿನ ಪ್ರತಿಫಲನ ಕಣ್ಣಿಗೆ ತಾಗಬಾರದೆಂದು ಅವರ ಪ್ರಯೋಗಾಲಯದಲ್ಲಿ ಎಲ್ಲರೂ ಕಪ್ಪು ನಿಲುವಂಗಿ ಧರಿಸುತ್ತಿದ್ದರು. ಸೋಂಕನ್ನು ತಡೆಯುವ ವಿಷಯದಲ್ಲಿ ಅವರು ಅತ್ಯಂತ ಕಟ್ಟುನಿಟ್ಟಿನವರಾಗಿದ್ದರು.

೧೯೦೮ರಲ್ಲಿ ಅವರ ವಿಧಾನವು ಮನುಷ್ಯಜೀವವೊಂದನ್ನು ಉಳಿಸಿತು. ನ್ಯೂಯಾರ್ಕಿನ ಶಸ್ತ್ರವೈದ್ಯರೊಬ್ಬರ ನವಜಾತ ಶಿಶುವಿಗೆ ರಕ್ತಸ್ರಾವವು ನಿಲ್ಲದೆ ಸಾವು ಸಮೀಪಿಸಿತ್ತು. ರಕ್ತವನ್ನು ಹೆಪ್ಪುಗಟ್ಟದಂತೆ ಕಾಪಿಡುವ ರಾಸಾಯನಿಕಗಳ ಬಳಕೆ ಆಗಿನ್ನೂ ಬಂದಿರಲಿಲ್ಲ. ಕ್ಯಾರೆಲ್ ಅವರು ತಂದೆಯ ಕೈಯ ಅಪಧಮನಿಯನ್ನು ಮಗುವಿನ ಕಾಲಿನ ಅಭಿಧಮನಿಗೆ ನೇರವಾಗಿ ಹೊಲಿದರು. ತಂದೆಯ ರಕ್ತವು ಮಗುವಿನ ದೇಹಕ್ಕೆ ಹರಿಯಿತು, ಮಗು ಬದುಕುಳಿಯಿತು. ೧೯೧೦ರಲ್ಲಿ ಅವರು ನಾಯಿಯ ಮಹಾಪಧಮನಿಯಿಂದ ಹೃದಯದ ಅಪಧಮನಿಗೆ ಬೇರೊಂದು ನಾಳದ ತುಂಡನ್ನು ಜೋಡಿಸಿ ರಕ್ತಕ್ಕೆ ಬದಲಿ ದಾರಿಯನ್ನು ಮಾಡುವ ಪ್ರಯೋಗವನ್ನೂ ವರದಿ ಮಾಡಿದರು. ಇಂದಿನ ಬೈಪಾಸ್ ಶಸ್ತ್ರಚಿಕಿತ್ಸೆಗೆ ಇದು ಬಹುಮುಂಚಿನ ಮಾದರಿ. ರಕ್ತನಾಳಗಳ ತುಂಡುಗಳನ್ನು ಶೀತದಲ್ಲಿ ಸಂರಕ್ಷಿಸಿ ನಂತರ ಬಳಸಬಹುದೆಂಬುದನ್ನೂ ಅವರು ತೋರಿಸಿದರು.

ನೊಬೆಲ್ ಪ್ರಶಸ್ತಿ ಮತ್ತು ಬಿಡಿಸಲಾಗದ ಒಗಟು

೧೯೧೨ರಲ್ಲಿ ನೊಬೆಲ್ ಪ್ರಶಸ್ತಿ ದೊರೆತಾಗ ಕ್ಯಾರೆಲ್ ಅವರಿಗೆ ಮೂವತ್ತೊಂಬತ್ತು ವರ್ಷ. ಅಮೆರಿಕದಲ್ಲಿ ನಡೆದ ಸಂಶೋಧನೆಗೆ ವೈದ್ಯಶಾಸ್ತ್ರದಲ್ಲಿ ಸಂದ ಮೊದಲ ನೊಬೆಲ್ ಇದು. ಆದರೂ ಅವರು ಕೊನೆಯವರೆಗೆ ಫ್ರಾನ್ಸಿನ ಪ್ರಜೆಯಾಗಿಯೇ ಉಳಿದರು. ೧೯೧೩ರಲ್ಲಿ ಅವರು ಆನ್ ಎಂಬ ವಿಧವೆಯನ್ನು ವಿವಾಹವಾದರು. ದಾದಿಯ ಕೆಲಸದಲ್ಲಿ ತರಬೇತಿ ಪಡೆದಿದ್ದ ಆಕೆ ಮುಂದೆ ಯುದ್ಧಕಾಲದ ಆಸ್ಪತ್ರೆಯಲ್ಲಿ ಪತಿಯೊಡನೆ ದುಡಿದರು.

ಪ್ರಶಸ್ತಿಯ ಹೊತ್ತಿಗೆ ಕಸಿಯ ದೊಡ್ಡ ಅಡ್ಡಿಯೊಂದು ಕ್ಯಾರೆಲ್ ಅವರ ಅರಿವಿಗೆ ಬಂದಿತ್ತು. ಒಂದು ನಾಯಿಯ ಮೂತ್ರಪಿಂಡವನ್ನು ತೆಗೆದು ಅದೇ ನಾಯಿಗೆ ಮತ್ತೆ ಜೋಡಿಸಿದರೆ ಅದು ದೀರ್ಘಕಾಲ ಕೆಲಸ ಮಾಡುತ್ತಿತ್ತು. ಬೇರೆ ನಾಯಿಯ ಮೂತ್ರಪಿಂಡವನ್ನು ಜೋಡಿಸಿದರೆ, ಹೊಲಿಗೆಯಲ್ಲಿ ಯಾವ ದೋಷವಿಲ್ಲದಿದ್ದರೂ, ಅದು ಕೆಲವು ದಿನಗಳಲ್ಲಿ ಕೆಡುತ್ತಿತ್ತು. ಅಂದರೆ ಕಸಿಯ ತಾಂತ್ರಿಕ ಸಮಸ್ಯೆ ಬಗೆಹರಿದಿದ್ದರೂ ಜೈವಿಕ ಸಮಸ್ಯೆ ಉಳಿದಿತ್ತು. ದೇಹವು ಪರಕೀಯ ಅಂಗವನ್ನು ತಿರಸ್ಕರಿಸುವ ಬಗೆಯನ್ನು ಪೀಟರ್ ಮೆಡವಾರ್ ಅವರು ೧೯೪೦ರ ದಶಕದಲ್ಲಿ ವಿವರಿಸುವವರೆಗೆ ಈ ಒಗಟು ಹಾಗೆಯೇ ಉಳಿಯಿತು.

ಅಂಗಾಂಶ ಕೃಷಿ

ರಾಸ್ ಹ್ಯಾರಿಸನ್ ಅವರು ೧೯೦೭ರಲ್ಲಿ ಕಪ್ಪೆಯ ನರದ ಅಂಗಾಂಶವನ್ನು ದೇಹದ ಹೊರಗೆ ಬೆಳೆಸಿ ತೋರಿಸಿದ್ದರು. ಆ ಹಾದಿಯಲ್ಲಿ ಕ್ಯಾರೆಲ್ ಅವರು ಮಾಂಟ್ರೋಸ್ ಬರೋಸ್ ಅವರ ಜೊತೆಗೂಡಿ ೧೯೧೦ರಿಂದ ಬಿಸಿರಕ್ತದ ಪ್ರಾಣಿಗಳ ಅಂಗಾಂಶಗಳನ್ನು ಬೆಳೆಸತೊಡಗಿದರು. ೧೯೧೨ರ ಜನವರಿ ೧೭ರಂದು ಕೋಳಿಯ ಭ್ರೂಣದ ಹೃದಯದ ಚೂರೊಂದನ್ನು ಗಾಜಿನ ಪಾತ್ರೆಯಲ್ಲಿ ಪೋಷಕ ದ್ರವದೊಡನೆ ಇರಿಸಿದರು. ಸಹಾಯಕ ಆಲ್ಬರ್ಟ್ ಎಬೆಲಿಂಗ್ ಅವರ ಆರೈಕೆಯಲ್ಲಿ ಈ ಕೃಷಿಯು ೧೯೪೬ರವರೆಗೆ, ಅಂದರೆ ಮೂವತ್ತನಾಲ್ಕು ವರ್ಷಗಳ ಕಾಲ ಮುಂದುವರಿಯಿತು. ಕೋಳಿಯೊಂದರ ಆಯುಷ್ಯವನ್ನು ಮೀರಿ ಬದುಕಿದ ಈ ಜೀವಕೋಶಗಳು ಪತ್ರಿಕೆಗಳಲ್ಲಿ ಭಾರಿ ಪ್ರಚಾರ ಪಡೆದವು. ಜೀವಕೋಶಗಳಿಗೆ ಸಹಜವಾಗಿ ಸಾವಿಲ್ಲ ಎಂಬ ಕ್ಯಾರೆಲ್ ಅವರ ತೀರ್ಮಾನವನ್ನು ವಿಜ್ಞಾನಿಗಳು ದಶಕಗಳ ಕಾಲ ಒಪ್ಪಿದ್ದರು.

ಈ ತೀರ್ಮಾನವು ತಪ್ಪೆಂದು ನಂತರ ತಿಳಿಯಿತು. ೧೯೬೧ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಅವರು ಮನುಷ್ಯನ ಸಾಮಾನ್ಯ ಜೀವಕೋಶಗಳು ಸುಮಾರು ಐವತ್ತು ಬಾರಿ ವಿಭಜನೆಗೊಂಡು ನಿಲ್ಲುತ್ತವೆಂದು ತೋರಿಸಿದರು. ಕ್ಯಾರೆಲ್ ಅವರ ಪ್ರಯೋಗಾಲಯದಲ್ಲಿ ಪೋಷಣೆಗಾಗಿ ಸೇರಿಸುತ್ತಿದ್ದ ಭ್ರೂಣದ ಸಾರದೊಡನೆ ಹೊಸ ಜೀವಕೋಶಗಳು ಸೇರಿಕೊಂಡಿರಬಹುದೆಂಬುದು ಸಾಮಾನ್ಯವಾಗಿ ನೀಡಲಾಗುವ ವಿವರಣೆ. ಆದರೂ ಅಂಗಾಂಶ ಕೃಷಿಯನ್ನು ಒಂದು ಶಿಸ್ತಾಗಿ ಬೆಳೆಸಿದವರಲ್ಲಿ ಕ್ಯಾರೆಲ್ ಪ್ರಮುಖರು. ಅವರು ರೂಪಿಸಿದ ಚಪ್ಪಟೆಯಾದ ಗಾಜಿನ ಪಾತ್ರೆಯು ಬಹುಕಾಲ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿತ್ತು.

ಮೊದಲನೆಯ ಮಹಾಯುದ್ಧ ಮತ್ತು ಗಾಯಗಳ ಚಿಕಿತ್ಸೆ

೧೯೧೪ರಲ್ಲಿ ಯುದ್ಧವು ಆರಂಭವಾದಾಗ ಕ್ಯಾರೆಲ್ ಅವರು ಫ್ರಾನ್ಸಿನಲ್ಲಿದ್ದು ಸೈನ್ಯದ ವೈದ್ಯಸೇವೆಗೆ ಸೇರಿದರು. ಕಂದಕಗಳ ಗೊಬ್ಬರಮಣ್ಣು ಸೇರಿದ ಸಿಡಿಗುಂಡಿನ ಗಾಯಗಳು ಬೇಗನೆ ಕೊಳೆಯುತ್ತಿದ್ದವು. ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ಗುಂಡಿನಿಂದ ಬದುಕಿದವರು ಕೀವಿನಿಂದ ಸಾಯುತ್ತಿದ್ದರು, ಇಲ್ಲವೆ ಕೈಕಾಲು ಕಳೆದುಕೊಳ್ಳುತ್ತಿದ್ದರು. ರಾಕ್‌ಫೆಲರ್ ನೆರವಿನಿಂದ ಕಾಂಪಿಯೇನ್ ಎಂಬಲ್ಲಿ ತೆರೆದ ಆಸ್ಪತ್ರೆಯಲ್ಲಿ ಕ್ಯಾರೆಲ್ ಮತ್ತು ಇಂಗ್ಲಿಷ್ ರಸಾಯನವಿಜ್ಞಾನಿ ಹೆನ್ರಿ ಡೇಕಿನ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು.

ಡೇಕಿನ್ ಅವರು ಸಿದ್ಧಪಡಿಸಿದ್ದು ಸುಮಾರು ಶೇಕಡಾ ಅರ್ಧದಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವ ದ್ರಾವಣ. ಅದು ಸೂಕ್ಷ್ಮಾಣುಗಳನ್ನು ಕೊಲ್ಲುವಷ್ಟು ತೀಕ್ಷ್ಣವಾಗಿದ್ದರೂ ಮಾಂಸಖಂಡವನ್ನು ಸುಡುವಷ್ಟು ಕಟುವಾಗಿರಲಿಲ್ಲ. ಆದರೆ ಅದರ ಶಕ್ತಿ ಬೇಗನೆ ಕುಂದುತ್ತಿದ್ದುದರಿಂದ ಒಮ್ಮೆ ಸುರಿದರೆ ಸಾಲದು. ಕ್ಯಾರೆಲ್ ಅವರು ಮೊದಲು ಸತ್ತ ಅಂಗಾಂಶವನ್ನೂ ಗುಂಡಿನ ಚೂರುಗಳನ್ನೂ ತೆಗೆದು, ಗಾಯದ ಮೂಲೆಮೂಲೆಗೂ ರಂಧ್ರಗಳುಳ್ಳ ರಬ್ಬರ್ ನಳಿಕೆಗಳನ್ನು ಇರಿಸಿ, ಎರಡು ಗಂಟೆಗೊಮ್ಮೆ ದ್ರಾವಣವನ್ನು ಹರಿಸುವ ಕ್ರಮವನ್ನು ಏರ್ಪಡಿಸಿದರು. ಗಾಯದ ಸ್ರಾವವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಸೂಕ್ಷ್ಮಾಣುಗಳನ್ನು ಎಣಿಸಿ, ಅವು ಸಾಕಷ್ಟು ಕಡಿಮೆಯಾದ ಬಳಿಕವೇ ಗಾಯವನ್ನು ಹೊಲಿಯುತ್ತಿದ್ದರು. ಈ ವಿಧಾನಕ್ಕೆ ತರಬೇತಾದ ದಾದಿಯರೂ ಬಹಳ ಶ್ರಮವೂ ಬೇಕಾಗಿದ್ದುದರಿಂದ ಕೆಲವು ಶಸ್ತ್ರವೈದ್ಯರು ಅದನ್ನು ವಿರೋಧಿಸಿದರು. ಆದರೂ ಅನೇಕ ಸೈನಿಕರ ಕೈಕಾಲುಗಳನ್ನು ಅದು ಉಳಿಸಿತು. ಡೇಕಿನ್ ದ್ರಾವಣವು ವಾಸಿಯಾಗದ ಹುಣ್ಣುಗಳ ಆರೈಕೆಯಲ್ಲಿ ಈಗಲೂ ಬಳಕೆಯಲ್ಲಿದೆ.

ಲಿಂಡ್‌ಬರ್ಗ್ ಜೊತೆಗಿನ ಪಂಪು

೧೯೨೭ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ತಡೆಯಿಲ್ಲದೆ ವಿಮಾನದಲ್ಲಿ ದಾಟಿ ಜಗತ್ಪ್ರಸಿದ್ಧರಾಗಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ನಾದಿನಿಗೆ ಹೃದಯದ ಕವಾಟದ ಕಾಯಿಲೆಯಿತ್ತು. ಹೃದಯವನ್ನು ನಿಲ್ಲಿಸಿ ದುರಸ್ತಿ ಮಾಡುವಾಗ ಅದರ ಕೆಲಸವನ್ನು ಯಂತ್ರವೊಂದು ಏಕೆ ಮಾಡಬಾರದು ಎಂದು ಲಿಂಡ್‌ಬರ್ಗ್ ವಿಚಾರಿಸತೊಡಗಿದರು. ಈ ಹುಡುಕಾಟವು ೧೯೩೦ರಲ್ಲಿ ಅವರನ್ನು ಕ್ಯಾರೆಲ್ ಅವರ ಬಳಿಗೆ ಕರೆತಂದಿತು.

ದೇಹದಿಂದ ತೆಗೆದ ಅಂಗಕ್ಕೆ ಪೋಷಕ ದ್ರವವನ್ನು ಹರಿಸುವ ಪಂಪುಗಳು ಆಗ ಸೋಂಕಿನಿಂದ ವಿಫಲವಾಗುತ್ತಿದ್ದವು. ಲಿಂಡ್‌ಬರ್ಗ್ ಅವರು ಪೈರೆಕ್ಸ್ ಗಾಜಿನಿಂದ, ಹೊರಗಿನ ಗಾಳಿಯ ಸೂಕ್ಷ್ಮಾಣುಗಳು ಒಳನುಗ್ಗದ ಪಂಪನ್ನು ರಚಿಸಿದರು. ಶುದ್ಧೀಕರಿಸಿದ ಅನಿಲದ ಒತ್ತಡವು ಏರಿಳಿಯುತ್ತ ಆಮ್ಲಜನಕಭರಿತ ದ್ರವವನ್ನು ನಾಡಿಯ ಮಿಡಿತದಂತೆ ಅಂಗದ ಅಪಧಮನಿಗೆ ತಳ್ಳುತ್ತಿತ್ತು. ೧೯೩೫ರ ಏಪ್ರಿಲ್‌ನಲ್ಲಿ ಬೆಕ್ಕಿನ ಥೈರಾಯಿಡ್ ಗ್ರಂಥಿಯನ್ನು ಈ ಪಂಪಿನಲ್ಲಿರಿಸಿದಾಗ ಅದು ಹದಿನೆಂಟು ದಿನಗಳ ನಂತರವೂ ಜೀವಂತವಾಗಿತ್ತು. ೧೯೩೮ರಲ್ಲಿ ಇಬ್ಬರೂ ಸೇರಿ ಅಂಗಗಳ ಕೃಷಿಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಕಸಿಗಾಗಿ ತೆಗೆದ ಅಂಗವನ್ನು ಯಂತ್ರದಲ್ಲಿರಿಸಿ ಸಾಗಿಸುವ ಇಂದಿನ ಉಪಕರಣಗಳು ಇದೇ ಆಲೋಚನೆಯ ಮುಂದುವರಿಕೆ.

ಸುಪ್ರಜನನ ವಾದ ಮತ್ತು ವಿಶಿ ಸರ್ಕಾರ

೧೯೩೫ರಲ್ಲಿ ಕ್ಯಾರೆಲ್ ಅವರು ಮನುಷ್ಯನ ಸ್ವರೂಪವನ್ನು ಕುರಿತು ಬರೆದ ಗ್ರಂಥವು ಹಲವು ಭಾಷೆಗಳಿಗೆ ಅನುವಾದಗೊಂಡು ಅಪಾರ ಸಂಖ್ಯೆಯಲ್ಲಿ ಮಾರಾಟವಾಯಿತು. ಬಲಿಷ್ಠರೂ ಬುದ್ಧಿವಂತರೂ ಆದವರ ಸಂತತಿಯನ್ನು ಬೆಳೆಸಬೇಕು, ದುರ್ಬಲರ ಸಂತತಿಯನ್ನು ತಡೆಯಬೇಕು ಎಂಬ ವಾದವನ್ನು ಅದರಲ್ಲಿ ಮಂಡಿಸಿದ್ದರು. ಘೋರ ಅಪರಾಧಿಗಳನ್ನೂ ಅಪರಾಧವೆಸಗಿದ ಮಾನಸಿಕ ಅಸ್ವಸ್ಥರನ್ನೂ ಅನಿಲದಿಂದ ಕೊನೆಗಾಣಿಸಬಹುದೆಂದು ಸೂಚಿಸಿದ್ದರು. ೧೯೩೬ರ ಜರ್ಮನ್ ಆವೃತ್ತಿಯ ಮುನ್ನುಡಿಯಲ್ಲಿ, ದೋಷವುಳ್ಳವರ ಸಂತತಿಯನ್ನು ತಡೆಯಲು ನಾಜಿ ಸರ್ಕಾರವು ಕೈಗೊಂಡ ಕ್ರಮಗಳನ್ನು ಮೆಚ್ಚಿ ಬರೆದರು. ಕೆಲವೇ ವರ್ಷಗಳಲ್ಲಿ ಜರ್ಮನಿಯಲ್ಲಿ ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ಅನಿಲಕೋಣೆಗಳಲ್ಲಿ ಕೊಲ್ಲಲಾಯಿತು. ಹಾನಿಗೊಂಡ ಅಂಗವನ್ನು ಉಳಿಸಲು ಬಾಳನ್ನೆಲ್ಲ ಮುಡಿಪಿಟ್ಟ ವೈದ್ಯರೊಬ್ಬರು ಮನುಷ್ಯರಲ್ಲಿ ಕೆಲವರನ್ನು ಉಳಿಸಲು ಅನರ್ಹರೆಂದು ಕಂಡದ್ದು ಅವರ ಜೀವನದ ಅತ್ಯಂತ ಗಂಭೀರವಾದ ವೈರುಧ್ಯ.

೧೯೩೯ರಲ್ಲಿ ರಾಕ್‌ಫೆಲರ್ ಸಂಸ್ಥೆಯಿಂದ ನಿವೃತ್ತರಾದ ಅವರು ೧೯೪೧ರಲ್ಲಿ ಜರ್ಮನಿಯ ವಶದಲ್ಲಿದ್ದ ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಮಾರ್ಷಲ್ ಪೇತಾಂ ನೇತೃತ್ವದ ವಿಶಿ ಸರ್ಕಾರವು ಮಾನವ ಸಮಸ್ಯೆಗಳ ಅಧ್ಯಯನಕ್ಕಾಗಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿ ಅದರ ಮುಖ್ಯಸ್ಥರನ್ನಾಗಿ ಕ್ಯಾರೆಲ್ ಅವರನ್ನು ನೇಮಿಸಿತು. ಪೋಷಣೆ, ಜನಸಂಖ್ಯೆ, ಮಕ್ಕಳ ಬೆಳವಣಿಗೆ, ಕಾರ್ಮಿಕರ ಆರೋಗ್ಯ ಮುಂತಾದ ವಿಷಯಗಳನ್ನು ಅದು ಅಧ್ಯಯನ ಮಾಡಿತು. ಸುಪ್ರಜನನದ ದೃಷ್ಟಿಯೂ ಅದರ ಕಾರ್ಯದಲ್ಲಿ ಸೇರಿತ್ತು.

ನಿಧನ

೧೯೪೪ರ ಆಗಸ್ಟ್‌ನಲ್ಲಿ ಪ್ಯಾರಿಸ್ ವಿಮೋಚನೆಗೊಂಡಾಗ ಕ್ಯಾರೆಲ್ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಶತ್ರುಗಳೊಡನೆ ಸಹಕರಿಸಿದ ಆರೋಪವನ್ನು ಅವರು ಎದುರಿಸಬೇಕಾಯಿತು. ಹೃದ್ರೋಗದಿಂದ ಬಳಲುತ್ತಿದ್ದ ಅವರು ವಿಚಾರಣೆ ನಡೆಯುವ ಮೊದಲೇ, ೧೯೪೪ರ ನವೆಂಬರ್ ೫ರಂದು ಪ್ಯಾರಿಸ್‌ನಲ್ಲಿ ನಿಧನರಾದರು. ಬ್ರಿಟನಿ ಕರಾವಳಿಯ ಸೇಂಟ್ ಗಿಲ್ಡಾ ದ್ವೀಪದಲ್ಲಿ ಅವರ ಸಮಾಧಿಯಿದೆ. ಅವರ ಪ್ರತಿಷ್ಠಾನದ ಸ್ಥಾನದಲ್ಲಿ ೧೯೪೫ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಜನಸಂಖ್ಯಾ ಅಧ್ಯಯನ ಸಂಸ್ಥೆಯು ಸ್ಥಾಪನೆಗೊಂಡಿತು.

ಪ್ರಭಾವ ಮತ್ತು ಮೌಲ್ಯಮಾಪನ

ಕ್ಯಾರೆಲ್ ಅವರು ತೀರಿಕೊಂಡ ಹತ್ತು ವರ್ಷಗಳ ನಂತರ, ೧೯೫೪ರ ಡಿಸೆಂಬರ್‌ನಲ್ಲಿ, ಬಾಸ್ಟನ್ ನಗರದಲ್ಲಿ ಜೋಸೆಫ್ ಮರ್ರೆ ಮತ್ತು ಸಂಗಡಿಗರು ತದ್ರೂಪಿ ಅವಳಿಗಳ ನಡುವೆ ಮೂತ್ರಪಿಂಡದ ಕಸಿಯನ್ನು ಯಶಸ್ವಿಯಾಗಿ ನಡೆಸಿದರು. ತದ್ರೂಪಿ ಅವಳಿಗಳಾದ್ದರಿಂದ ತಿರಸ್ಕಾರದ ತೊಡಕು ಎದುರಾಗಲಿಲ್ಲ. ತಿರಸ್ಕಾರವನ್ನು ಹತ್ತಿಕ್ಕುವ ಔಷಧಗಳು ಬಂದ ಮೇಲೆ ಕಸಿಯು ಇತರ ರೋಗಿಗಳಿಗೂ ದೊರೆಯುವಂತಾಯಿತು. ಡಯಾಲಿಸಿಸ್‌ಗಾಗಿ ಕೈಯ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವಾಗಲೂ, ಅಪಘಾತದಲ್ಲಿ ತುಂಡಾದ ಬೆರಳನ್ನು ಮರಳಿ ಕೂಡಿಸುವಾಗಲೂ ಶಸ್ತ್ರವೈದ್ಯರು ನೆಚ್ಚುವುದು ಕ್ಯಾರೆಲ್ ಅವರು ಅಡಿಪಾಯ ಹಾಕಿದ ಕೌಶಲವನ್ನೇ.

ಚಂದ್ರನ ಮೇಲಿನ ಕುಳಿಯೊಂದಕ್ಕೆ ಅವರ ಹೆಸರಿಡಲಾಗಿದೆ. ಆದರೆ ಅವರ ಸುಪ್ರಜನನ ವಾದವು ೧೯೯೦ರ ದಶಕದಲ್ಲಿ ಮತ್ತೆ ಚರ್ಚೆಗೆ ಬಂದಾಗ ಫ್ರಾನ್ಸಿನ ಹಲವು ಊರುಗಳು ಬೀದಿಗಳಿಂದ ಅವರ ಹೆಸರನ್ನು ತೆಗೆದುಹಾಕಿದವು. ಲಿಯೋನಿನಲ್ಲಿ ಅವರ ಹೆಸರು ಹೊತ್ತಿದ್ದ ವೈದ್ಯವಿಭಾಗಕ್ಕೆ ೧೯೯೬ರಲ್ಲಿ ಸ್ಟೆತೊಸ್ಕೋಪ್ ಕಂಡುಹಿಡಿದ ಲೇನೆಕ್ ಅವರ ಹೆಸರನ್ನಿಡಲಾಯಿತು. ಹೀಗೆ ಅವರು ಹುಟ್ಟಿ ಕಲಿತ ಊರಿನ ವೈದ್ಯಶಾಲೆಯಿಂದ ಅವರ ಹೆಸರು ಮರೆಯಾಗಿದೆ. ಅಲ್ಲಿಯೇ ಅವರು ರೂಪಿಸಿದ ಹೊಲಿಗೆಯನ್ನು ಮಾತ್ರ ಶಸ್ತ್ರಚಿಕಿತ್ಸಾ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ.